ಸೊಂಟ ಮುರಿದ ಸೈನಿಕರು, ಬಾರ್‌ಕೋಡ್ ಇರುವ ರೋಬೋಟು

ಪ್ರಶ್ನೆ: ನಾನು ಮೈಸೂರಿನ ಕುವೆಂಪುನಗರದವಳು. ತೀರಿಕೊಂಡ ನಮ್ಮ ಸೋದರಮಾವನ ಟ್ರಂಕೊಂದು ನನ್ನ ಪಾಲಿಗೆ ಬಂದಿದೆ. ಒಳಗೆ ಸೊಂಟ ಮುರಿದ ಪ್ಲಾಸ್ಟಿಕ್ ಸೈನಿಕರು, ಕೈಗೆ ಗೆರೆಗೆರೆಯಾಗಿ ಸಿಗುವ ಭೂತಾನಿನ ಅಂಚೆಚೀಟಿಗಳು, ಇಂದ್ರಜಾಲ ಕಾಮಿಕ್ಸಿನ ಒಂದು ಕಟ್ಟು, ರಾಕೆಟ್ ಚಿತ್ರದ ಬೆಂಕಿಪೊಟ್ಟಣದ ಲೇಬಲ್ಲುಗಳು ಇವೆ. ಅವನ್ನು ನೋಡುತ್ತಾ ನನಗೂ ಹುಚ್ಚು ಹತ್ತಿತು. ಹೋದ ವರ್ಷ ದಸರಾ ಎಕ್ಸಿಬಿಷನ್ನಿನಲ್ಲಿ ಕೀ ಕೊಟ್ಟರೆ ನಡೆಯುವ ತಗಡಿನ ರೋಬೋಟೊಂದನ್ನು ಕೊಂಡೆ. ‘ಐವತ್ತರ ದಶಕದ ಜಪಾನ್ ಮಾಲು’ ಎಂದು ಹೇಳಿ 1,800 ರೂಪಾಯಿ ತೆಗೆದುಕೊಂಡರು. ಮನೆಯಲ್ಲಿ ಎಲ್ಲರೂ ಗುಜರಿ ಅಂತಾರೆ. ಇದು ಒರಿಜಿನಲ್ಲಾ, ಡೂಪ್ಲಿಕೇಟಾ? ಟ್ರಂಕನ್ನು ಇಟ್ಟುಕೊಳ್ಳಲಾ, ಮಾರಲಾ? ಈ ಸಲ ಹತ್ತು ವರ್ಷದ ಮಗಳನ್ನು ಕರೆದುಕೊಂಡು ಒಂದು ಇಡೀ ದಿನ ಇದಕ್ಕೇ ಮೀಸಲಿಡಬೇಕು ಅಂತಿದ್ದೇನೆ. ಹೇಗೆ ಶುರು ಮಾಡಲಿ? ಫೋಟೋಗಳನ್ನು ಕಳಿಸಿದ್ದೇನೆ.

ಉತ್ತರ: ಮೊದಲು ರೋಬೋಟಿನ ವಿಷಯ ಮುಗಿಸೋಣ. ನಿಮ್ಮ ಪತ್ರದಲ್ಲಿ ಆತಂಕ ಕಾಣುವುದು ಅಲ್ಲೇ. ಡಬ್ಬದ ತಳದ ಫೋಟೋ ಇದೆಯಲ್ಲ, ಅದನ್ನು ದೊಡ್ಡದು ಮಾಡಿ ನೋಡಿ. ಮೂಲೆಯಲ್ಲಿ ಬಾರ್‌ಕೋಡ್ ಇದೆ. ಅಂಗಡಿಯ ಕೌಂಟರಿನಲ್ಲಿ ಬಾರ್‌ಕೋಡನ್ನು ಮೊದಲ ಬಾರಿ ಓದಿಸಿದ್ದು 1974ರಲ್ಲಿ, ಅಮೆರಿಕದ ಒಹಾಯೋದಲ್ಲಿ. ಐವತ್ತರ ದಶಕದ ಡಬ್ಬಕ್ಕೆ ಅದು ಎಲ್ಲಿಂದ ಬರಬೇಕು? ಪಕ್ಕದಲ್ಲೇ ಮೂರು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎನ್ನುವ ಗುರುತೂ ಇದೆ, ಅದೂ ಈಚಿನದೇ. ಹಳೆಯ ಜಪಾನಿ ವಿನ್ಯಾಸಗಳನ್ನಿಟ್ಟುಕೊಂಡು ಚೀನಾದಲ್ಲಿ ಹೊಸದಾಗಿ ತಯಾರಿಸುವ ತಗಡಿನ ರೋಬೋಟುಗಳು ಪ್ರಪಂಚದ ತುಂಬ ಸಿಗುತ್ತವೆ. ನಿಮ್ಮದು ಆ ವಂಶದ್ದು. ಬೆಲೆ ಸ್ವಲ್ಪ ಜಾಸ್ತಿಯಾಯಿತು. ಆದರೆ ಮೋಸ ಇರುವುದು ಆಟಿಕೆಯಲ್ಲಿ ಅಲ್ಲ, ಮಾರಿದವರ ಮಾತಿನಲ್ಲಿ. ‘ಹೊಸದು ಮೇಡಂ, ಹಳೇ ಮಾದರಿ’ ಎಂದು ಹೇಳಿ ಮಾರಿದ್ದರೆ ಅದೇ ರೋಬೋಟು ಒಳ್ಳೆಯ ವ್ಯಾಪಾರವೇ.

ಇನ್ನು ‘ಒರಿಜಿನಲ್ಲಾ, ಡೂಪ್ಲಿಕೇಟಾ’ ಅನ್ನುವ ಪ್ರಶ್ನೆ. ಚಿನ್ನದಂಗಡಿಯಲ್ಲಿ ಅದು ಸರಿ. ವೈಜ್ಞಾನಿಕ ಕಲ್ಪನೆಯ (ಸೈನ್ಸ್ ಫಿಕ್ಷನ್ನಿನ) ಆಟಿಕೆ, ಚಿತ್ರ, ಚೀಟಿಗಳ ಲೋಕದಲ್ಲಿ ಅದನ್ನು ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಅಲ್ಲಿ ಕೇಳಬೇಕಾದದ್ದು ಬೇರೆ: ಇದನ್ನು ಮಾಡಿದ್ದು ಯಾರು, ಯಾವಾಗ, ಯಾರ ಕೈಗೆಂದು? ಈ ಮೂರಕ್ಕೆ ವಸ್ತುವೇ ಉತ್ತರ ಕೊಟ್ಟರೆ ನಕಲಾದರೂ ಇಟ್ಟುಕೊಳ್ಳಿ. ಸುಳ್ಳು ಉತ್ತರ ಕೊಟ್ಟರೆ ಎಷ್ಟೇ ಚೆನ್ನಾಗಿದ್ದರೂ ಅಲ್ಲೇ ಬಿಟ್ಟು ಬನ್ನಿ.

ಈ ಲೋಕದಲ್ಲಿ ತಪ್ಪಿಗೇ ಬೆಲೆ ಅನ್ನುವುದಕ್ಕೆ ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. ಸ್ಟಾರ್ ವಾರ್ಸ್ ಸಿನಿಮಾ 1977ರ ಮೇ ತಿಂಗಳಲ್ಲಿ ಬಂತು. ಅಷ್ಟು ದೊಡ್ಡದಾಗಿ ಓಡುತ್ತದೆಂದು ಯಾರೂ ಎಣಿಸಿರಲಿಲ್ಲ. ಆಟಿಕೆಯ ಹಕ್ಕು ಪಡೆದಿದ್ದ ಕೆನ್ನರ್ ಕಂಪನಿಗೆ ಆ ವರ್ಷದ ಕ್ರಿಸ್‌ಮಸ್ಸಿನೊಳಗೆ ಗೊಂಬೆ ತಯಾರಿಸಿ ಕೊಡಲು ಆಗಲೇ ಇಲ್ಲ. ಆಗ ಏನು ಮಾಡಿದರು ಗೊತ್ತೇ? ಗೊಂಬೆಯೇ ಇಲ್ಲದ ರಟ್ಟಿನ ಲಕೋಟೆ ಮಾರಿದರು. ಒಳಗೊಂದು ಪತ್ರ. ಅದನ್ನು ತುಂಬಿ ಅಂಚೆಗೆ ಹಾಕಿದರೆ ಮುಂದಿನ ವರ್ಷ ನಾಲ್ಕು ಗೊಂಬೆ ಮನೆಗೆ ಬರುತ್ತವೆ ಅನ್ನುವ ಭರವಸೆ. ಜನ ಕೊಂಡರು! ಆ ಖಾಲಿ ಲಕೋಟೆಯನ್ನು ಇವತ್ತು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ. ಮರುವರ್ಷ ಅದೇ ಕಂಪನಿ ಸ್ನ್ಯಾಗಲ್‌ಟೂತ್ ಅನ್ನುವ ಒಂದು ಸಣ್ಣ ಪಾತ್ರದ ಗೊಂಬೆ ಮಾಡಿತು. ವಿನ್ಯಾಸಕಾರರಿಗೆ ಸಿಕ್ಕಿದ್ದು ಆ ಪಾತ್ರದ ಮೇಲ್ಭಾಗ ಮಾತ್ರ ಕಾಣುವ ಕಪ್ಪುಬಿಳುಪು ಚಿತ್ರ. ಬಣ್ಣ ಗೊತ್ತಿಲ್ಲ, ಎತ್ತರ ಗೊತ್ತಿಲ್ಲ. ನೀಲಿ ಬಟ್ಟೆ ಹಾಕಿ, ಬೂಟು ತೊಡಿಸಿ, ಆಳೆತ್ತರ ನಿಲ್ಲಿಸಿಬಿಟ್ಟರು. ಸಿನಿಮಾದಲ್ಲಿ ಅದು ಕೆಂಪು ಬಟ್ಟೆಯ ಕುಳ್ಳ. ಆಮೇಲೆ ತಿದ್ದಿಕೊಂಡು ಕೆಂಪು ಕುಳ್ಳನನ್ನು ತಂದರು. ಈಗ ಬೇಡಿಕೆ ಇರುವುದು ಆ ತಪ್ಪಾದ ನೀಲಿಯವನಿಗೆ.

ಹಾಗಾದರೆ ವಸ್ತುವನ್ನು ಓದುವುದು ಹೇಗೆ? ಮುಖ ನೋಡಬೇಡಿ, ಪಾದ ನೋಡಿ. ಮುಖವನ್ನು ಯಾರು ಬೇಕಾದರೂ ಚೆಂದ ಮಾಡುತ್ತಾರೆ. ಐವತ್ತರ ದಶಕದ ತಗಡಿನ ಆಟಿಕೆಗೆ ಸಾಮಾನ್ಯವಾಗಿ ಕೈಯಿಂದ ಬಣ್ಣ ಬಳಿಯುತ್ತಿರಲಿಲ್ಲ. ಚಪ್ಪಟೆ ತಗಡಿನ ಮೇಲೆ ಮೊದಲು ಬಣ್ಣ ಮುದ್ರಿಸಿ, ಆಮೇಲೆ ಅಚ್ಚಿನಲ್ಲಿ ಒತ್ತಿ, ಕತ್ತರಿಸಿ, ಅಂಚಿನಲ್ಲಿ ಬಿಟ್ಟ ಸಣ್ಣ ನಾಲಿಗೆಗಳನ್ನು ಎದುರಿನ ಸೀಳಿಗೆ ತೂರಿಸಿ ಮಡಚುತ್ತಿದ್ದರು. ಆ ಮಡಿಕೆಯಲ್ಲಿ ಬಣ್ಣ ಬಿರುಕು ಬಿಡುತ್ತದೆ, ತುಕ್ಕು ಶುರುವಾಗುವುದೂ ಅಲ್ಲಿಂದಲೇ, ಇಲ್ಲದಿದ್ದರೆ ನೆಲಕ್ಕೆ ಉಜ್ಜುವ ಪಾದದಡಿಯಿಂದ. ಮಡಿಕೆ ಹೊಳೆಯುತ್ತಿದ್ದು ಎದೆಯ ನಡುವೆ ಮಾತ್ರ ತುಕ್ಕಿದ್ದರೆ ಆ ತುಕ್ಕು ವಯಸ್ಸಿನಿಂದ ಬಂದದ್ದಲ್ಲ. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಜಪಾನಿನಲ್ಲಿ ತಗಡಿಗೆ ಎಷ್ಟು ಬರ ಇತ್ತೆಂದರೆ ಬಿಸಾಡಿದ ತಿಂಡಿ ಡಬ್ಬಗಳನ್ನು ಬಿಡಿಸಿ ಆಟಿಕೆ ಮಾಡುತ್ತಿದ್ದರು. ಅಂಥ ಆಟಿಕೆಯ ಸಂದಿಯಲ್ಲಿ ಟಾರ್ಚು ಬಿಟ್ಟು ನೋಡಿದರೆ ಒಳಮೈಯಲ್ಲಿ ಯಾವುದೋ ಡಬ್ಬದ ಅಕ್ಷರ ಕಾಣುವುದುಂಟು. ಅಮೆರಿಕದ ಸೇನೆಯ ಆಡಳಿತ ನಡೆದದ್ದು 1952ರವರೆಗೆ. ಆ ಕಾಲದ ರಫ್ತು ಮಾಲಿನ ಮೇಲೆ ‘ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು’ ಎನ್ನುವ ಅರ್ಥದ ಇಂಗ್ಲಿಷ್ ಮುದ್ರೆ ಇರುತ್ತಿತ್ತು. ಅದನ್ನೂ ನಕಲು ಮಾಡುವವರಿದ್ದಾರೆ, ಹಾಗಾಗಿ ಮುದ್ರೆ ಒಂದನ್ನೇ ನಂಬಬೇಡಿ. ಪಾದ, ಮಡಿಕೆ, ಮುದ್ರೆ ಮೂರೂ ಒಂದೇ ಕಥೆ ಹೇಳಬೇಕು.

ನಮ್ಮ ದೇಶದ ಮಾಲಾದರೆ ಕಾಲ ಹಿಡಿಯುವುದು ಇನ್ನೂ ಸಲೀಸು. ಯಾವ ಪುಸ್ತಕವೂ ಬೇಡ, ಡಬ್ಬದ ಮೇಲಿನ ಬೆಲೆ ಮತ್ತು ವಿಳಾಸ ಸಾಕು. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗೆ ಮುಂಚಿನದು. ನಯಾ ಪೈಸೆ ಎಂದಿದ್ದರೆ 1957ರಿಂದ 1964ರೊಳಗಿನದು. ವಿಳಾಸದಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕೆ ಮುಂಚಿನದು, ಆಮೇಲೆ ಅದು ಕರ್ನಾಟಕ. ‘ಎಲ್ಲ ತೆರಿಗೆ ಸೇರಿ ಗರಿಷ್ಠ ಬೆಲೆ’ ಎಂದು ಅಚ್ಚಾಗಿದ್ದರೆ 1990ರಿಂದ ಈಚಿನದು. ಇವುಗಳಲ್ಲಿ ಎರಡು ಒಟ್ಟಿಗೆ ಸಿಕ್ಕರೆ ಕಾಲ ಕೆಲವೇ ವರ್ಷಗಳ ಒಳಗೆ ಬಂದು ನಿಲ್ಲುತ್ತದೆ. ಮಗಳಿಗೆ ಇದನ್ನೊಂದು ಚೀಟಿಯಲ್ಲಿ ಬರೆದುಕೊಡಿ. ಈ ಪತ್ತೇದಾರಿಯಲ್ಲಿ ಮಕ್ಕಳು ನಮಗಿಂತ ಚುರುಕು.

ಈಗ ಟ್ರಂಕು. ನಿಮ್ಮ ‘ಸೊಂಟ ಮುರಿದ ಸೈನಿಕರು’ ಮುರಿದಿಲ್ಲ. ಫೋಟೋದಲ್ಲಿ ಮೇಲುಭಾಗ, ಕಾಲುಭಾಗ ಎರಡೂ ಹಾಗೇ ಇವೆ, ನಡುವಿನ ಕೊಂಡಿ ಮಾತ್ರ ಇಲ್ಲ. ಇವು ಫನ್‌ಸ್ಕೂಲ್ ಕಂಪನಿ ಇಲ್ಲಿ ತಯಾರಿಸಿದ, ಜಿ.ಐ. ಜೋ ಅನ್ನುವ ಅಮೆರಿಕದ ಸೈನಿಕ ಗೊಂಬೆಗಳು. ಫನ್‌ಸ್ಕೂಲ್ ಶುರುವಾದದ್ದು 1987ರಲ್ಲಿ, ಟೈರು ಮಾಡುವ ಎಂ.ಆರ್.ಎಫ್. ಮತ್ತು ಅಮೆರಿಕದ ಆಟಿಕೆ ಕಂಪನಿ ಹ್ಯಾಸ್‌ಬ್ರೊ ಸೇರಿಕೊಂಡು. ಈ ಗೊಂಬೆಗಳ ಮೇಲುಭಾಗವನ್ನೂ ಕಾಲನ್ನೂ ಹಿಡಿದಿಟ್ಟುಕೊಳ್ಳುವುದು ಒಳಗಿನ ಒಂದು ಕರಿ ರಬ್ಬರ್ ರಿಂಗು. ಸೊಂಟ ತಿರುಗಲಿ, ಕುಳ್ಳಿರಿಸಲು ಬರಲಿ ಎಂದು ಮಾಡಿದ ಉಪಾಯ ಅದು. ರಬ್ಬರ್ ವರ್ಷಗಳು ಕಳೆದ ಹಾಗೆ ಒಣಗಿ, ಬಿರಿದು, ಒಂದು ದಿನ ಪಟ್ಟನೆ ತುಂಡಾಗುತ್ತದೆ. ಗೊಂಬೆ ಎರಡು ಹೋಳು!

ರಿಪೇರಿ ಮನೆಯಲ್ಲೇ ಆಗುತ್ತದೆ. ಬೆನ್ನಿನಲ್ಲಿ ಒಂದು ಸಣ್ಣ ಸ್ಕ್ರೂ ಇದೆ. ಅದಕ್ಕೆ ಸರಿಯಾಗಿ ಕೂರುವ ಸ್ಕ್ರೂಡ್ರೈವರೇ ಬೇಕು, ದೊಡ್ಡದು ಹಾಕಿದರೆ ತಲೆ ಸವೆದು ಆಮೇಲೆ ಬಿಚ್ಚಲು ಬರುವುದಿಲ್ಲ. ತುಕ್ಕು ಹಿಡಿದಿದ್ದರೆ ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಬಿಟ್ಟು ರಾತ್ರಿ ಬಿಡಿ. ಬಿಚ್ಚಿದರೆ ಎದೆ ಮತ್ತು ಬೆನ್ನು ಎರಡು ಸಿಪ್ಪೆಯಾಗಿ ಬರುತ್ತವೆ, ತಲೆ ಮತ್ತು ಕೈಗಳು ಸಡಿಲವಾಗಿ ಕೈಗೆ ಸಿಗುತ್ತವೆ, ಒಂದು ತಟ್ಟೆಯಲ್ಲಿಟ್ಟುಕೊಳ್ಳಿ. ಕಾಲುಗಳ ನಡುವೆ ಲೋಹದ ಕೊಕ್ಕೆ ಇದೆ. ಹೊಸ ರಿಂಗನ್ನು ಆ ಕೊಕ್ಕೆಗೆ ಹಾಕಿ, ಸೊಂಟದ ತುಂಡಿನ ಮೂಲಕ ಮೇಲಕ್ಕೆಳೆದು, ಎದೆಯೊಳಗಿನ ಕಂಬಕ್ಕೆ ಸಿಕ್ಕಿಸಿ, ತಲೆ ಕೈ ಜೋಡಿಸಿ, ಮುಚ್ಚಿ, ಸ್ಕ್ರೂ ಬಿಗಿ ಮಾಡಿ. ರಿಂಗಿಗಾಗಿ ಪಂಪು, ಮಿಕ್ಸಿ ರಿಪೇರಿ ಮಾಡುವ ಅಂಗಡಿಗೆ ಹೋಗಿ ಹಳೆಯದರ ತುಂಡು ತೋರಿಸಿ ‘ಇದೇ ಸೈಜಿನ ಓ-ರಿಂಗ್ ಕೊಡಿ’ ಅನ್ನಿ. ಒಂದು ಎಚ್ಚರ: ಕೈಗೆ ಬಂದೂಕು ತುರುಕಬೇಡಿ. ಈ ಗೊಂಬೆಗಳ ಹೆಬ್ಬೆರಳು ಮುರಿಯುವುದೇ ಹಾಗೆ, ಅದಕ್ಕೆ ಮಾತ್ರ ರಿಪೇರಿ ಇಲ್ಲ.

ಇವನ್ನು ಗುಜರಿ ಎನ್ನುವವರಿಗೆ ಒಂದು ಮಾತು ಹೇಳಿ. ಅಮೆರಿಕದ ಮೂಲದಲ್ಲಿ ಇಲ್ಲದ ಬಣ್ಣಗಳಲ್ಲಿ ಈ ಭಾರತದ ಸೈನಿಕರು ಬಂದಿದ್ದಾರೆ. ಆ ಕಾರಣಕ್ಕೇ ಹೊರದೇಶದ ಸಂಗ್ರಾಹಕರು ಇವರನ್ನು ಹುಡುಕುತ್ತಾರೆ. ಮೂಲದವರಿಗೆ ನಕಲೆಂದು ಕಂಡದ್ದು ಈಗ ನಮ್ಮ ಕಡೆಯ ಒರಿಜಿನಲ್ಲು.

ಭೂತಾನಿನ ಚೀಟಿಗಳು ಟ್ರಂಕಿನ ರತ್ನ ಅಂತ ನನ್ನ ಅಭಿಪ್ರಾಯ, ದುಡ್ಡಿನ ಲೆಕ್ಕದಲ್ಲಿ ಅಲ್ಲದಿದ್ದರೂ. ರಸ್ತೆ, ಶಾಲೆಗೆ ದುಡ್ಡು ಬೇಕಾಗಿದ್ದ ಆ ಪುಟ್ಟ ರಾಜ್ಯಕ್ಕೆ ಬರ್ಟ್ ಟಾಡ್ ಅನ್ನುವ ಅಮೆರಿಕನ್ ಸ್ನೇಹಿತರೊಬ್ಬರು ಕೊಟ್ಟ ಸಲಹೆ ವಿಚಿತ್ರ ಅಂಚೆಚೀಟಿ ಮಾಡಿ ಪ್ರಪಂಚಕ್ಕೆ ಮಾರುವುದು. 1967ರಲ್ಲಿ ಬಾಹ್ಯಾಕಾಶದ ಚಿತ್ರಗಳಿರುವ ಮೂರು ಆಯಾಮದ ಚೀಟಿಗಳು ಬಂದವು. ನಿಮ್ಮ ಕೈಗೆ ಸಿಗುವ ಗೆರೆಗಳೇ ಆ ಜಾದೂ. ಸಾಲು ಸಾಲು ಸಣ್ಣ ಉಬ್ಬು ಮಸೂರಗಳು ಎಡಗಣ್ಣಿಗೆ ಒಂದು ಚಿತ್ರವನ್ನೂ ಬಲಗಣ್ಣಿಗೆ ಇನ್ನೊಂದನ್ನೂ ಕಳಿಸುತ್ತವೆ, ಮೆದುಳು ಎರಡನ್ನೂ ಕೂಡಿಸಿ ಆಳ ಕಾಣಿಸುತ್ತದೆ. ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಓರೆ ಮಾಡಿ, ಗಗನಯಾತ್ರಿ ಹಿನ್ನೆಲೆಯಿಂದ ಬಿಟ್ಟುಕೊಂಡು ಮುಂದಕ್ಕೆ ಬರುತ್ತಾನೆ. ಎಪ್ಪತ್ತರ ದಶಕದ ಮೊದಲಿಗೆ ಇದೇ ದೇಶ ಗ್ರಾಮೋಫೋನ್ ಮೇಲಿಟ್ಟರೆ ಹಾಡುವ ಚೀಟಿಯನ್ನೂ ತಂದಿತು! ಆಗ ಗಂಭೀರ ಸಂಗ್ರಾಹಕರು ‘ಇವೆಲ್ಲ ಅಂಚೆಚೀಟಿಯೇ?’ ಎಂದು ಮೂಗು ಮುರಿದಿದ್ದರು. ಈಗ ಹಾಡುವ ಚೀಟಿ ಬೇಕೆಂದರೆ ಒಳ್ಳೆಯ ದುಡ್ಡು ಕೊಡಬೇಕು.

ಇಂದ್ರಜಾಲ ಕಾಮಿಕ್ಸ್ 1964ರಿಂದ 1990ರವರೆಗೆ ಬಂತು. ಅದರಲ್ಲಿ ಫ್ಯಾಂಟಮ್, ಮ್ಯಾಂಡ್ರೇಕ್ ಜೊತೆ ಬಾಹ್ಯಾಕಾಶದ ವೀರ ಫ್ಲಾಶ್ ಗಾರ್ಡನ್ ಕೂಡ ಇದ್ದ. ನಿಮ್ಮ ಕಟ್ಟಿನಲ್ಲಿ ಫ್ಲಾಶ್ ಗಾರ್ಡನ್ ಸಂಚಿಕೆಗಳನ್ನು ಬೇರೆ ಮಾಡಿಡಿ, ನಿಮ್ಮ ವಿಷಯಕ್ಕೆ ಸೇರುವುದು ಅವೇ. ಬೆಂಕಿಪೊಟ್ಟಣದ ಲೇಬಲ್ಲುಗಳನ್ನು ಭೂತಗನ್ನಡಿಯಲ್ಲಿ ನೋಡಿ. ನೀವು ಕಳಿಸಿದ ಒಂದರಲ್ಲಿ ರಾಕೆಟ್ಟಿಗೆ ಬಸ್ಸಿನ ಹಾಗೆ ಸಾಲು ಕಿಟಕಿ ಇದೆ, ಬಾಲದಲ್ಲಿ ಹೊಗೆ ಬದಲು ದೀಪಾವಳಿ ಹೂಕುಂಡದ ಕಿಡಿ ಇದೆ. ನಾನಾದರೆ ಆ ಲೇಬಲ್ಲಿಗೆ ಚೌಕಟ್ಟು ಹಾಕಿಸುತ್ತಿದ್ದೆ.

ಇಡುವ ವಿಚಾರದಲ್ಲಿ ನಮ್ಮ ಮನೆಗಳ ಅಭ್ಯಾಸವೊಂದು ಅಪಾಯಕಾರಿ: ಟ್ರಂಕಿಗೆ ನುಸಿಗುಳಿಗೆ ಹಾಕುವುದು. ಅದರ ಆವಿ ಕೆಲವು ಜಾತಿಯ ಪ್ಲಾಸ್ಟಿಕ್ಕನ್ನು, ಮುಖ್ಯವಾಗಿ ಪಾಲಿಸ್ಟೈರೀನನ್ನು, ಮೆತ್ತಗೆ ಮಾಡಿ ಅಂಟಂಟು ಮಾಡುತ್ತದೆ. ಇವತ್ತೇ ತೆಗೆಯಿರಿ. ಬದಲಿಗೆ ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಸಾಕು. ಕಾಮಿಕ್ಸನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಸೆಲೋಟೇಪ್ ಹಚ್ಚಬೇಡಿ, ರಬ್ಬರ್ ಬ್ಯಾಂಡ್ ಹಾಕಿ ಸುತ್ತಬೇಡಿ. ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ಮರದ ಅಂಶ ಇರುತ್ತದೆ, ಅದರಿಂದಾಗಿ ಕಾಗದ ಬಿಸಿಲಿಗೆ ಹಳದಿಯಾಗಿ ಹಪ್ಪಳದ ಹಾಗೆ ಪುಡಿಯಾಗುತ್ತದೆ. ನೆರಳು, ಗಾಳಿ, ಚಪ್ಪಟೆ ಜಾಗ ಇದ್ದರೆ ಬಹಳ ಕಾಲ ಬರುತ್ತದೆ. ಸೆಲ್ಲು ಹಾಕುವ ಆಟಿಕೆ ಇದ್ದರೆ ಆಟ ಮುಗಿದ ಕೂಡಲೇ ಸೆಲ್ಲು ಹೊರಗೆ ತೆಗೆದಿಡಿ. ಆಲ್ಕಲೈನ್ ಸೆಲ್ಲು ಸೋರಿ ಬಿಳಿ ಹುಡಿ ಕಟ್ಟಿದ್ದರೆ ಹತ್ತಿಕಡ್ಡಿಗೆ ಒಂದೆರಡು ಹನಿ ವಿನೆಗರ್ ಹಚ್ಚಿ ಒರೆಸಿ ಒಣಗಿಸಿ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು, ಆದ್ದರಿಂದ ಬಾಯಿಗಿಡುವ ವಯಸ್ಸಿನ ಮಕ್ಕಳಿಂದ ದೂರ.

ಇನ್ನು ನಿಮ್ಮ ಒಂದು ದಿನ. ವೈಜ್ಞಾನಿಕ ಕಲ್ಪನೆಗೂ ಜಾತ್ರೆ ಮೈದಾನಕ್ಕೂ ಹಳೆಯ ನೆಂಟಸ್ತಿಕೆ ಇದೆ. 1901ರಲ್ಲಿ ಅಮೆರಿಕದ ಬಫಲೋ ನಗರದ ವಸ್ತುಪ್ರದರ್ಶನದಲ್ಲಿ ಚಂದ್ರಯಾನದ ಆಟವೊಂದಿತ್ತು. ಜನರನ್ನು ಲೂನಾ ಎಂಬ ಹಡಗಿನಲ್ಲಿ ಕೂರಿಸಿ, ಅಲ್ಲಾಡಿಸಿ, ಚಂದ್ರನ ಮೇಲೆ ಇಳಿಸಿದ ಹಾಗೆ ಮಾಡುತ್ತಿದ್ದರು. ಎರಡು ವರ್ಷದ ನಂತರ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ತೆರೆದ ಲೂನಾ ಪಾರ್ಕಿಗೆ ಹೆಸರು ಬಂದದ್ದು ಆ ಹಡಗಿನಿಂದಲೇ. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಏಳಡಿ ಎತ್ತರದ ಎಲೆಕ್ಟ್ರೋ ಅನ್ನುವ ರೋಬೋಟು ಮಾತಾಡಿ, ಸಿಗರೇಟು ಸೇದಿ ಜನರನ್ನು ನಗಿಸುತ್ತಿತ್ತು. ಮಾತು ಬರುತ್ತಿದ್ದದ್ದು ಗ್ರಾಮೋಫೋನ್ ತಟ್ಟೆಗಳಿಂದ. ಅದೇ ಬೇಸಿಗೆಯಲ್ಲಿ, ಅದೇ ಊರಿನಲ್ಲಿ, ಆ ಮೇಳದ ನೆಪದಲ್ಲೇ ವೈಜ್ಞಾನಿಕ ಕಲ್ಪನೆಯ ಅಭಿಮಾನಿಗಳ ಮೊದಲ ವಿಶ್ವ ಸಮ್ಮೇಳನವೂ ನಡೆಯಿತು. ಹಾಗಾಗಿ ರೋಬೋಟು ಹುಡುಕಿಕೊಂಡು ಮೈಸೂರಿನ ಎಕ್ಸಿಬಿಷನ್ನಿಗೆ ಹೋಗುವ ನೀವು ಸರಿಯಾದ ಜಾಗಕ್ಕೇ ಹೋಗುತ್ತಿದ್ದೀರಿ. ನಮ್ಮ ಎಕ್ಸಿಬಿಷನ್ನಿನ ಬೇರೂ ಚಾಮರಾಜ ಒಡೆಯರ ಕಾಲದ್ದು, 1880ರದ್ದು.

ದಸರಾದ ಹತ್ತು ದಿನಗಳಲ್ಲಿ ಮಾತ್ರ ಹೋಗಬೇಡಿ. ಆಗ ಜನ ನಿಮ್ಮನ್ನು ತಳ್ಳಿಕೊಂಡು ಹೋಗುತ್ತಾರೆ, ನೀವು ನಡೆಯುವುದಿಲ್ಲ. ಹಬ್ಬ ಮುಗಿದ ಮೇಲೂ ದೊಡ್ಡಕೆರೆ ಮೈದಾನದಲ್ಲಿ ಮಳಿಗೆಗಳು ಬಹಳ ದಿನ ಇರುತ್ತವೆ. ಮಳೆ ಬಿಟ್ಟ ವಾರದ ದಿನವೊಂದನ್ನು ಆರಿಸಿಕೊಳ್ಳಿ. ಭಾನುವಾರ ಹೋದರೆ ಅರಮನೆಯ ದೀಪ ಸಿಗುತ್ತದೆ, ವ್ಯಾಪಾರಿಯ ಮಾತು ಸಿಗುವುದಿಲ್ಲ. ನಿಮಗೆ ಬೇಕಾದದ್ದು ಮಾತು.

ಬೆಳಿಗ್ಗೆ ಊರೊಳಗೆ ಕಳೆಯಿರಿ. ಹಳೇ ಪೇಪರು ತೂಕಕ್ಕೆ ಕೊಳ್ಳುವ ಅಂಗಡಿಗಳು, ಹಳೇ ಪುಸ್ತಕದಂಗಡಿ, ಗುಜರಿ. ಇಲ್ಲಿ ‘ರೋಬೋಟ್ ಇದೆಯಾ?’ ಎಂದು ಕೇಳಿದರೆ ಇಲ್ಲ ಅನ್ನುತ್ತಾರೆ, ಅವರಿಗದು ರೋಬೋಟಲ್ಲ. ‘ಹಳೇ ಆಟದ ಸಾಮಾನು, ಮುರಿದಿದ್ದರೂ ಪರವಾಗಿಲ್ಲ’ ಅನ್ನಿ. ಅಂಗಡಿಯ ಹಿಂದೆ ಒಂದು ಗೋಣಿಚೀಲ ಇದ್ದೇ ಇರುತ್ತದೆ. ಚಿಕ್ಕ ಗಡಿಯಾರದ ಹತ್ತಿರ ಬಂದು ದೇವರಾಜ ಮಾರುಕಟ್ಟೆ ಒಂದು ಸುತ್ತು ಹಾಕಿ, ಊಟ ಮಾಡಿ, ಮಗಳನ್ನು ಸ್ವಲ್ಪ ಮಲಗಿಸಿ. ಎಕ್ಸಿಬಿಷನ್ನಿಗೆ ಕಳೆ ಬರುವುದು ಹೊತ್ತು ಇಳಿದ ಮೇಲೆ.

ಮೈದಾನದಲ್ಲಿ ಮೊದಲ ಸುತ್ತು ಬರೀ ನೋಡಲು. ಪರ್ಸು ಬ್ಯಾಗಿನೊಳಗೇ ಇರಲಿ. ಮಗಳ ಕೈಗೆ ಅವಳದೇ ದುಡ್ಡು ಕೊಟ್ಟುಬಿಡಿ, ಏನು ಕೊಂಡರೂ ಕೇಳುವುದಿಲ್ಲ ಎಂದು ಮಾತು ಕೊಡಿ. ಎರಡನೇ ಸುತ್ತಿನಲ್ಲಿ ನಿಂತು ಮಾತಾಡಿ:

‘ಎಷ್ಟಣ್ಣ ಇದು?’

‘ಎಂಟ್ನೂರು ಮೇಡಂ. ಫಾರಿನ್ ಮಾಲು, ಹಳೇದು.’

‘ಡಬ್ಬ ಇದ್ಯಾ? ತಳ ತೋರ್ಸಿ.’

ಡಬ್ಬದ ತಳ ಎಂದ ಕೂಡಲೇ ‘ಹಳೇದು’ ಅನ್ನುವ ಮಾತು ಮಾಯವಾಗುತ್ತದೆ. ಹಾಗೆಂದು ವ್ಯಾಪಾರಿಯನ್ನು ನಾಲ್ಕು ಜನರೆದುರು ಸುಳ್ಳುಗಾರ ಮಾಡಬೇಡಿ. ಬಹಳಷ್ಟು ಸಲ ಅವರಿಗೂ ಸಗಟು ವ್ಯಾಪಾರಿ ಹೇಳಿದ್ದಷ್ಟೇ ಗೊತ್ತು. ‘ಹೊಸದಾದ್ರೂ ಚೆನ್ನಾಗಿದೆ, ಕೊನೇ ರೇಟು ಹೇಳಿ’ ಅಂದರೆ ಅರ್ಧ ಚೌಕಾಸಿ ಮುಗಿದಂತೆ. ಮಳಿಗೆ ಕೀಳುವ ಕೊನೆಯ ದಿನಗಳಲ್ಲಿ ವಾಪಸ್ ಹೊತ್ತುಕೊಂಡು ಹೋಗುವ ಬದಲು ಕೊಟ್ಟುಬಿಡೋಣ ಎನ್ನುವ ಮನಸ್ಸೂ ಇರುತ್ತದೆ.

ಡೆಲ್ಲಿ ಹಪ್ಪಳ ತಿನ್ನದೆ ಎಕ್ಸಿಬಿಷನ್ ಮುಗಿಯುವುದಿಲ್ಲ, ಸರಿ. ಆದರೆ ಕೊಂಡ ಮೇಲೆ ತಿನ್ನಿ, ತಿಂದ ಮೇಲೆ ಕೊಳ್ಳಬೇಡಿ. ಹಪ್ಪಳದ ಎಣ್ಣೆ ಕಾಗದಕ್ಕೆ ಕಲೆ, ಬೆರಳಿನ ಉಪ್ಪು ತಗಡಿಗೆ ತುಕ್ಕು.

ಮಗಳು ಆರಿಸುವುದು ಬಹುಶಃ ನಿಮಗೆ ಹಿಡಿಸುವುದಿಲ್ಲ. ಟೊಳ್ಳು ಪ್ಲಾಸ್ಟಿಕ್ಕಿನ, ಎರಡು ಹೋಳು ಸೇರಿದ ಗೆರೆ ಎದ್ದು ಕಾಣುವ, ಎದೆಯ ಸ್ಟಿಕ್ಕರು ಸೊಟ್ಟಗೆ ಅಂಟಿಸಿದ ರೋಬೋಟು, ಇಲ್ಲವೇ ಗುಂಡಿ ಅದುಮಿದರೆ ಕಿಡಿ ಹಾರಿಸುವ ಬಾಹ್ಯಾಕಾಶ ಬಂದೂಕು. ಆ ಬಂದೂಕಿನೊಳಗೆ ಒರಟು ಚಕ್ರವೊಂದು ಚಕಮಕಿ ಕಲ್ಲಿಗೆ ಉಜ್ಜುತ್ತದೆ, ಸಿಗರೇಟ್ ಲೈಟರಿನಲ್ಲಿ ಇರುವುದೂ ಅದೇ ಉಪಾಯ. ಕೊಡಿಸಿ. ಇಂಥ ಅಗ್ಗದ ಆಟಿಕೆಯನ್ನು ಯಾರೂ ಜೋಪಾನ ಮಾಡುವುದಿಲ್ಲ, ಅದಕ್ಕೇ ಮೂವತ್ತು ವರ್ಷದ ನಂತರ ಒಂದೂ ಉಳಿದಿರುವುದಿಲ್ಲ. ಆಟಕ್ಕೆಂದು ಕೊಳ್ಳುವುದಾದರೆ ಐ.ಎಸ್.ಐ. ಗುರುತು ನೋಡಿ, 2021ರ ಜನವರಿಯಿಂದ ಅದು ಆಟಿಕೆಗಳಿಗೆ ಕಡ್ಡಾಯ. ಎಕ್ಸಿಬಿಷನ್ ತಪ್ಪಿದರೆ ಜನವರಿ-ಫೆಬ್ರವರಿ ಹೊತ್ತಿನ ಸುತ್ತೂರು ಜಾತ್ರೆ ಇದೆ, ಬೇಸಿಗೆ ಹತ್ತಿರ ಬಂದಾಗ ನಂಜನಗೂಡಿನ ದೊಡ್ಡ ಜಾತ್ರೆ, ಮೇಲುಕೋಟೆಯ ವೈರಮುಡಿ. ಬೆಂಡು ಬತ್ತಾಸಿನ ಪಕ್ಕದಲ್ಲೇ ಆಟಿಕೆಯ ಸಾಲು ಇರುತ್ತದೆ. ಆ ಅಗ್ಗದ ರೋಬೋಟುಗಳು ನನಗೆ ಎಕ್ಸಿಬಿಷನ್ನಿನ ಥಳುಕಿನ ಮಾಲಿಗಿಂತ ಇಷ್ಟ.

ಮನೆಯವರ ‘ಗುಜರಿ’ ಮಾತಿಗೆ ಮದ್ದು ಮೈಸೂರಿನವರ ಕೈಯಲ್ಲೇ ಇದೆ. ನವರಾತ್ರಿಗೆ ಬೊಂಬೆ ಕೂರಿಸುತ್ತೀರಲ್ಲ? ಪಟ್ಟದ ಬೊಂಬೆಗಳ ಮೇಲಿನ ಮೆಟ್ಟಿಲನ್ನು ಮುಟ್ಟಬೇಡಿ. ಕೆಳಗಡೆ ಪಾರ್ಕು, ಸಂತೆ, ಕ್ರಿಕೆಟ್ ಟೀಮು ಇಡುವ ಜಾಗ ಇದೆಯಲ್ಲ, ಅದು ಯಾರ ಅಪ್ಪಣೆಯೂ ಬೇಡದ ಜಾಗ. ರಾಗಿ ಪೈರು ಬೆಳೆಸಿದ ತಟ್ಟೆಯ ಪಕ್ಕ ಇನ್ನೊಂದು ತಟ್ಟೆಯಲ್ಲಿ ಬೂದಿ ಹರಡಿ, ಲೋಟದ ತಳದಿಂದ ಒತ್ತಿ ಗುಳಿ ಮಾಡಿದರೆ ಚಂದ್ರ ಸಿದ್ಧ. ಸೊಂಟ ಸರಿಹೋದ ಸೈನಿಕರನ್ನು ಅಲ್ಲಿ ಇಳಿಸಿ, ಬಾರ್‌ಕೋಡಿನ ರೋಬೋಟನ್ನು ಕಾವಲಿಗೆ ನಿಲ್ಲಿಸಿ. ಬೊಂಬೆ ಬಾಗಿನಕ್ಕೆ ಬರುವ ಮಕ್ಕಳು ಮೊದಲು ಕೂರುವುದು ಅದರೆದುರೇ. ಅತ್ತೆಯವರು ಎರಡು ದಿನ ಸುಮ್ಮನಿದ್ದು ಮೂರನೇ ದಿನ ಬಂದವರಿಗೆಲ್ಲ ತಾವೇ ವಿವರಿಸುತ್ತಾರೆ.

ಕೊನೆಯದಾಗಿ, ಮಾರಬೇಕೆ? 2024ರಲ್ಲಿ ಸ್ಟಾರ್ ವಾರ್ಸ್‌ನ ಬೋಬಾ ಫೆಟ್ ಅನ್ನುವ ಪಾತ್ರದ, ರಾಕೆಟ್ ಹಾರಿಸುವ ಗೊಂಬೆಯ ಮಾದರಿಯೊಂದು ಹರಾಜಿನಲ್ಲಿ 5 ಲಕ್ಷ ಡಾಲರಿಗೂ ಮೀರಿ ಹೋಯಿತು. ಅಂಥ ಸುದ್ದಿ ಓದಿ ಯಾರಾದರೂ ಆಸೆ ಹುಟ್ಟಿಸಿಯಾರು. ಆ ಗೊಂಬೆ ಅಂಗಡಿಗೆ ಬಂದದ್ದೇ ಅಲ್ಲ. ಹಾರುವ ತುಣುಕು ಮಕ್ಕಳ ಗಂಟಲಿಗೆ ಸಿಕ್ಕೀತೆಂದು ಮಾರುವ ಮುಂಚೆ ಕೈಬಿಟ್ಟ ಮಾದರಿ, ಉಳಿದದ್ದು ಬೆರಳೆಣಿಕೆಯಷ್ಟು. ನಿಮ್ಮ ಟ್ರಂಕಿನಲ್ಲಿ ಲಕ್ಷಗಳಿಲ್ಲ. ಆದರೆ ಇಡೀ ಟ್ರಂಕನ್ನು ಒಂದೇ ರೇಟಿಗೆ ಕೇಳುವವರಿಗೆ ಕೊಡಬೇಡಿ, ಅವರು ಒಂದು ಒಳ್ಳೆಯ ವಸ್ತುವನ್ನು ಕಂಡೇ ಕೇಳುತ್ತಿರುತ್ತಾರೆ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿಯೊಂದನ್ನೂ ಬರೆಯಿರಿ: ಏನು, ಮೇಲೆ ಏನು ಅಚ್ಚಾಗಿದೆ, ಎಲ್ಲಿ ಮುರಿದಿದೆ, ಸೋದರಮಾವ ಎಲ್ಲಿ ಕೊಂಡರೆಂದು ಮನೆಯಲ್ಲಿ ಯಾರಿಗಾದರೂ ಗೊತ್ತಿದೆಯೆ. ಈ ಕೊನೆಯ ವಿವರ ಹಿರಿಯರಿರುವಾಗಲೇ ಕೇಳಿಟ್ಟುಕೊಳ್ಳಬೇಕು. ಬೆಲೆ ನೋಡುವಾಗ ಆನ್‌ಲೈನಿನಲ್ಲಿ ಮಾರುವವರು ಕೇಳುವ ಬೆಲೆಯನ್ನಲ್ಲ, ನಿಜವಾಗಿ ಮಾರಾಟವಾದ ಬೆಲೆಯನ್ನು ನೋಡಿ. ಎರಡಕ್ಕೂ ಅಜಗಜಾಂತರ. ಎರಡೆರಡು ಪ್ರತಿ ಇರುವ ಕಾಮಿಕ್ಸನ್ನು ಮೊದಲು ಕೊಡಿ, ಆ ದುಡ್ಡಿನಲ್ಲಿ ಓ-ರಿಂಗು, ಚೀಟಿಯ ಆಲ್ಬಮ್ಮು ಬರುತ್ತದೆ. ಮಿಕ್ಕದ್ದನ್ನು ನೋಟ್‌ಬುಕ್ ತುಂಬಿದ ಮೇಲೆ ಯೋಚಿಸಿ, ಅವಸರ ಇಲ್ಲ. ಅವಸರ ಇರುವುದು ಭೂತಾನ್ ಚೀಟಿಗಳಿಗೆ ಮಾತ್ರ. ಫೋಟೋದಲ್ಲಿ ಅವು ಇರುವ ಹಾಳೆ ಪಿ.ವಿ.ಸಿ. ಪ್ಲಾಸ್ಟಿಕ್ಕಿನದು ಇದ್ದ ಹಾಗಿದೆ, ಅದು ಚೀಟಿಗೆ ಕೇಡು. ಮೂಸಿ ನೋಡಿ, ಹೊಸ ರೆಕ್ಸಿನ್ ವಾಸನೆ ಬಂದರೆ, ಮುಟ್ಟಿದರೆ ಜಿಡ್ಡೆನಿಸಿದರೆ ಈ ವಾರವೇ ಪಾಲಿಪ್ರೊಪಿಲೀನ್ ಹಾಳೆಗೆ ಬದಲಾಯಿಸಿ.